ಎದೆ ಕೇಳುವ ಜಮಖಾನ

ಮುರಿಗೆಪ್ಪನನ್ನು ಊರಿನ ಮೊದಲ ನಂಬರಿನ ರಸಿಕನೆಂದು ಕರೆದು ಕೊರಳಿಗೆ ಚೆಂಡುಹೂವಿನ ಹಾರ ಹಾಕಿದ ಭಾನುವಾರ, ಬೆಟಗೇರಿಯಲ್ಲಿ ನಗದೆ ಉಳಿದವರು ಇಬ್ಬರೇ. ಒಬ್ಬ ಸ್ವತಃ ಮುರಿಗೆಪ್ಪ, ಇನ್ನೊಬ್ಬಳು ಅವನ ಅಕ್ಕ ಇಂದುಮತಿ.

ಮುರಿಗೆಪ್ಪ ಓಣಿ ಓಣಿಗೆ ನಲ್ಲಿ ನೀರು ಬಿಡುವವನು. ಎಂಟು ದಿನಕ್ಕೊಮ್ಮೆ ನೀರು ಬರುವ ಊರಿನಲ್ಲಿ ವಾಲ್ವಿನ ಚಾವಿ ಹಿಡಿದವನಿಗೆ ಎಲ್ಲರೂ ಕರೆದು ಚಹಾ ಕುಡಿಸುತ್ತಾರೆ, ಅದು ಬೇರೆ ಮಾತು. ಆದರೆ ಸಂಗೀತಕ್ಕೂ ಅವನಿಗೂ ಎಣ್ಣೆ ಸೀಗೇಕಾಯಿ. ಭಜನೆಯಲ್ಲಿ ಅವನ ಕೈಗೆ ತಾಳ ಕೊಟ್ಟರೆ ಹಾಡುವವರೇ ದಾರಿ ತಪ್ಪುತ್ತಿದ್ದರು. ಅಂಥವನ ಎದೆ ನಲವತ್ತು ಕೇಳುಗರ ನಡುವೆ ಅಕ್ಕ ಕಟ್ಟಿದ ತಬಲಾ ಯಂತ್ರದ ತಾಳಕ್ಕೆ ಎಳೆಯಷ್ಟೂ ತಪ್ಪದೆ ಕೂಡಿತ್ತು. ಗೋಡೆಯ ಮೇಲಿನ ನಲವತ್ತು ದೀಪಗಳಲ್ಲಿ ಹದಿನೇಳನೆಯದು, ಜಮಖಾನದಲ್ಲಿ ಅವನು ಕೂತ ಚೌಕದ ದೀಪ, ಬೈಠಕ್ ಮುಗಿಯುವವರೆಗೂ ಆರಲೇ ಇಲ್ಲ.

ಇಂದುಮತಿ ನಗಲಿಲ್ಲ. ಹುಟ್ಟಿದಾಗಿನಿಂದ ತಾಳಗೇಡಿ ಎನಿಸಿಕೊಂಡ ತಮ್ಮನೊಳಗೆ ಇಂಥ ರಸಿಕ ಅಡಗಿ ಕೂತಿದ್ದ, ಊರಿಗೆಲ್ಲ ಕಾಣದ್ದು ತನ್ನ ಯಂತ್ರಕ್ಕೆ ಕಂಡಿತು ಎಂದು ಅವಳು ಮನಸಾರೆ ನಂಬಿದಳು. ಮುಂದೆ ಆ ಭಾನುವಾರ ನೆನಪಾದಾಗಲೆಲ್ಲ ಅವಳು ಹಿಡಿದ ಕೆಲಸ ಅರ್ಧಕ್ಕೇ ನಿಲ್ಲುತ್ತಿತ್ತು.

ಅವರ ಅಪ್ಪ ಗುರುಸಿದ್ದಪ್ಪ ನೇಕಾರರು. ಜಕಾರ್ಡ್ ಮಗ್ಗಕ್ಕೆ ರಟ್ಟು ಕೊರೆಯುವುದರಲ್ಲಿ ಅವರದು ಎತ್ತಿದ ಕೈ. ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗೇ ಇರಬೇಕು ಎಂದು ಮಗ್ಗಕ್ಕೆ ಹೇಳುವುದು ಆ ರಟ್ಟಿನ ತೂತುಗಳು. ಒಮ್ಮೆ ಸೀರೆಯಂಚಿನ ಗೋಪುರದ ದಡಿಗೆ ಮಾದರಿ ಕೊರೆಯುವಾಗ ಅಪ್ಪ ಒಂದು ತೂತು ತಪ್ಪಿದರು. ಏಳು ಗೋಪುರಕ್ಕೊಂದು ಗೋಪುರ ತುದಿಯಿಲ್ಲದೆ ಮೊಂಡಾಗಿ ಬಂತು. ಮನೆಯ ಹಿರಿಯರು ಕೊರೆದ ಮಾದರಿಯನ್ನು ಇನ್ನೊಬ್ಬರು ತಿದ್ದುವುದಿರಲಿ, ಎಣಿಸಿ ನೋಡುವ ರೂಢಿಯೂ ಆ ಓಣಿಯಲ್ಲಿರಲಿಲ್ಲ. ಸೀರೆಯ ಉದ್ದಕ್ಕೂ ಅದೇ ಅಂತರದಲ್ಲಿ ಅದೇ ತಪ್ಪು ಬಂದದ್ದರಿಂದ ಪೇಟೆಯವರಿಗೆ ಅದು ತಪ್ಪೆಂದೇ ಕಾಣಲಿಲ್ಲ. ಹೊಸ ಚಿತ್ತಾರವೆಂದು ಮುಗಿಬಿದ್ದು ಕೊಂಡರು. ಹತ್ತು ವರ್ಷ ಓಣಿಯ ಮಗ್ಗಗಳೆಲ್ಲ ಮೊಂಡ ಗೋಪುರವನ್ನೇ ನೇಯ್ದವು. ಅಪ್ಪ ನಲವತ್ತೊಂಬತ್ತನೆಯ ವಯಸ್ಸಿಗೆ ಮಗ್ಗದ ಕುಣಿಯಲ್ಲಿ ಕೂತಲ್ಲೇ ತಲೆ ವಾಲಿಸಿ ಹೋದರು. ಪುಣ್ಯವಂತರ ಸಾವು ಎಂದು ಜನ ಹೇಳಿದರು, ಮನೆಯವರೂ ಹಾಗೆಯೇ ತಿಳಿದರು.

ರಟ್ಟಿನ ಮಾತು ಕೇಳಿ ಎಳೆ ಏಳುವುದಾದರೆ ಹಾರ್ಮೋನಿಯಮ್ಮಿನ ಕೀ ಏಕೆ ಇಳಿಯಬಾರದು ಎಂದು ಇಂದುಮತಿಗೆ ಹೊಳೆದಾಗ ಅವಳಿಗೆ ಹತ್ತೊಂಬತ್ತು. ಅಲ್ಲಿಂದ ಮೂವತ್ತು ವರ್ಷಕ್ಕೂ ಮೇಲೆ ಅವಳು ಮಾಡಿದ್ದು ಅದನ್ನೇ. ಅಪ್ಪನ ಮಗ್ಗದ ಶೆಡ್ಡಿನಲ್ಲಿ ಹೊಲಿಗೆ ಮಷಿನ್ನಿನ ಮೋಟರು ತಿದಿ ಒತ್ತುವ ಹಾರ್ಮೋನಿಯಮ್ ಪೇಟಿ, ಲಾಳಿ ಹೊಡೆದು ನುಡಿಸುವ ಸ್ಟೀಲ್ ಲೋಟಗಳ ಜಲತರಂಗ, ಕಬ್ಬಿಣದ ಹತ್ತು ಬೆರಳಿನ ತಬಲಾ ಎಲ್ಲ ಸಾಲಾಗಿ ನಿಂತವು. ಹೊರದೇಶದ ಪ್ರದರ್ಶನಗಳಿಗೂ ಅವು ಹೋಗಿ ಬಂದವು. ಮದುವೆ ಆಗಲಿಲ್ಲವೇ ಎಂದು ಕೇಳಿದವರಿಗೆ ಅವಳು ತಬಲಾ ತೋರಿಸಿ, ಇದರ ಗದ್ದಲದಲ್ಲಿ ಯಾರ ಮಾತೂ ಕೇಳಿಸಲಿಲ್ಲ ಎನ್ನುತ್ತಿದ್ದಳು.

ಒಂದು ಕೊರತೆ ಮಾತ್ರ ಅವಳನ್ನು ಕೊರೆಯುತ್ತಿತ್ತು. ಯಂತ್ರಗಳು ತಪ್ಪದೆ ನುಡಿಸುತ್ತಿದ್ದವು, ಆದರೆ ಎದುರಿಗೆ ಜನ ಕೂತಿದ್ದಾರೋ ಗೋಡೆ ಇದೆಯೋ ಅವುಗಳಿಗೆ ಗೊತ್ತಿರಲಿಲ್ಲ. ಒಳ್ಳೆಯ ಗವಾಯಿ ಹಾಗಲ್ಲ. ಕೇಳುವವರ ಉಸಿರು ನೋಡಿ ಲಯ ಏರಿಸುತ್ತಾನೆ, ಇಳಿಸುತ್ತಾನೆ. ಯಂತ್ರವೂ ಕೇಳುವವರನ್ನು ಕೇಳಿಕೊಂಡು ನುಡಿಸಿದರೆ?

ಹೃದಯ ರಕ್ತವನ್ನು ಚಿಮ್ಮಿದಾಗಲೆಲ್ಲ ಮೈ ಕೂದಲೆಳೆಯಷ್ಟು ಕೆಳಕ್ಕೆ ಒತ್ತುತ್ತದೆ. ಬಂದೂಕು ಹಾರಿಸಿದವನ ಭುಜ ಹಿಂದಕ್ಕೆ ಜಗ್ಗುವ ಹಾಗೆ ಇದು. ನಮಗೆ ತಿಳಿಯುವುದಿಲ್ಲ, ಕೂತ ನೆಲಕ್ಕೆ ತಿಳಿಯುತ್ತದೆ. ಒತ್ತಿದರೆ ಚೂರು ವಿದ್ಯುತ್ತು ಹೊಮ್ಮಿಸುವ ನೂಲೊಂದು ಆ ಹೊತ್ತಿಗೆ ಪೇಟೆಗೆ ಬಂದಿತ್ತು. ಇಂದುಮತಿ ಆ ನೂಲನ್ನು ಹೊಕ್ಕಾಗಿ ಹಾಕಿ ನಲವತ್ತು ಚೌಕದ ಜಮಖಾನ ನೇಯ್ದಳು. ಒಂದೊಂದು ಚೌಕದಲ್ಲಿ ಒಬ್ಬೊಬ್ಬರು ಕೂತರೆ ಒಂದೊಂದು ಎದೆಯ ಬಡಿತ ತಂತಿಗುಂಟ ಪೆಟ್ಟಿಗೆಗೆ ಬಂದು, ಕಾಗದದ ಸುರುಳಿಯ ಮೇಲೆ ಗೆರೆಯಾಗಿ ಇಳಿಯುತ್ತಿತ್ತು. ಎಲ್ಲರ ಬಡಿತ ನೋಡಿಕೊಂಡು ತಬಲಾದ ಬೆರಳು ಲಯ ಹಿಡಿಯುತ್ತಿತ್ತು.

ಆದರೆ ಸಂಗೀತದಲ್ಲಿ ಮುಳುಗಿದ ಎದೆ ಎಂದರೆ ಹೇಗಿರುತ್ತದೆ ಎಂದು ಯಂತ್ರಕ್ಕೆ ಮೊದಲು ಕಲಿಸಬೇಕಲ್ಲ. ಅದಕ್ಕೊಂದು ಮಾದರಿ ಬೇಕು. ಮನೆಯ ರೂಢಿಯಂತೆ ಮಾದರಿ ಹಿರಿಯರದೇ. ಹಿರಿಯಳೆಂದರೆ ತಾನೇ, ಐವತ್ತು ದಾಟಿದವಳು. ತೊಂಬತ್ತು ದಿನ ಬೆಳಿಗ್ಗೆ ಮಿಂದು ಬಂದು ಇಂದುಮತಿ ಜಮಖಾನದ ಮೇಲೆ ಕೂತು, ತನ್ನ ಎದೆಯನ್ನೇ ಯಂತ್ರಕ್ಕೆ ಪಾಠ ಮಾಡಿದಳು. ಯಂತ್ರ ಒಂದೊಂದೇ ಬಡಿತವನ್ನು ಹೋಲಿಸುತ್ತಿರಲಿಲ್ಲ. ಎಷ್ಟು ಬಡಿತ ಬಿಗಿ, ಎಲ್ಲಿ ಸಡಿಲ ಎಂಬ ಒಟ್ಟು ನೇಯ್ಗೆಯನ್ನು ನೋಡುತ್ತಿತ್ತು. ಯಾರ ನೇಯ್ಗೆ ಮಾದರಿಗೆ ಹೊಂದಿತೋ ಅವರ ದೀಪ ಹತ್ತುತ್ತಿತ್ತು.

ಮಾದರಿ ಸಿಕ್ಕ ಮೇಲೆ ತಬಲಾಕ್ಕೆ ಜೀವ ಬಂತು. ಆರೋ ಏಳೋ ಮಾತ್ರೆ ಸರಾಗ ಹೋಗಿ, ಒಂದು ಕಡೆ ಅದು ಒಂದು ಕ್ಷಣ ತಡೆದು ನಿಂತು, ಮತ್ತೆ ಮುಂದಡಿ ಇಡುತ್ತಿತ್ತು. ಆ ತಡೆಯುವಿಕೆಗೆ ಜನ ಹುಚ್ಚಾದರು. ಗದಗಿನಿಂದ ಬರುತ್ತಿದ್ದ ಒಬ್ಬ ಬಸ್ ಕಂಡಕ್ಟರ್ ಅದಕ್ಕೆ ‘ಬೆಟಗೇರಿ ಸ್ಟಾಪು’ ಎಂದು ಹೆಸರಿಟ್ಟ, ಆ ಹೆಸರೇ ನಿಂತಿತು. ಹುಬ್ಬಳ್ಳಿ ಧಾರವಾಡದ ಕಿವಿಯುಳ್ಳವರು ಬಂದು, ಯಾವ ಘರಾಣೆಯಲ್ಲೂ ಇಲ್ಲದ ನಡೆ ಇದು ಎಂದು ತಲೆದೂಗಿ ಹೋದರು. ಇದು ನನ್ನ ಎದೆಯಿಂದ ಬಂದದ್ದು ಎಂದು ಇಂದುಮತಿ ಒಳಗೊಳಗೇ ಉಬ್ಬಿದಳು. ಅದು ಸತ್ಯವೂ ಆಗಿತ್ತು.

ಜನ ದೀಪಕ್ಕಾಗಿ ಪಟ್ಟ ಪಾಡು ಹೇಳತೀರದು. ಕೆಲವರು ಭಾನುವಾರ ಚಹಾ ಬಿಟ್ಟರು. ನಿವೃತ್ತ ಮಾಸ್ತರರೊಬ್ಬರು ವಾರವಿಡೀ ಮನೆಯಲ್ಲಿ ಮಣೆ ಹಾಕಿ ಕೂತು ಎದೆಗೆ ತಾಲೀಮು ಕೊಟ್ಟರು, ದೀಪ ಹತ್ತದ್ದಕ್ಕೆ ಹೆಂಡತಿಯನ್ನು ಬೈದರು. ಪಕ್ಕದ ಚೌಕದವಳ ದೀಪದ ಜೊತೆಗೇ ಗಂಡನ ದೀಪ ಹತ್ತಿ ಆರಿತೆಂದು ಒಂದು ಮನೆಯಲ್ಲಿ ಮೂರು ದಿನ ಒಲೆ ಹೊತ್ತಲಿಲ್ಲ. ಎಷ್ಟು ಗುದ್ದಾಡಿದರೂ ಯಾರ ದೀಪವೂ ಎರಡು ನಿಮಿಷ ನಿಲ್ಲುತ್ತಿರಲಿಲ್ಲ, ಮುರಿಗೆಪ್ಪ ಬಂದು ಕೂರುವವರೆಗೆ. ಅವನ ದೀಪ ಹನ್ನೊಂದು ಭಾನುವಾರ ಹತ್ತಿಕೊಂಡೇ ಇತ್ತು. ಹನ್ನೊಂದು ಹಾರಗಳನ್ನು ಅವನು ಪಡಸಾಲೆಯ ಮೊಳೆಗೆ ತೂಗುಹಾಕಿ, ಬಾಡಿದರೂ ಇಳಿಸಗೊಡಲಿಲ್ಲ.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಅವನ ಹೆಂಡತಿ ಸುಮಿತ್ರಾ ಶೆಡ್ಡಿಗೆ ಬಂದಳು. ಗಂಡನಿಗೆ ಆಗೀಗ ಕಣ್ಣು ಕತ್ತಲೆ ಬರುತ್ತದೆ, ಊಟಕ್ಕೆ ಕೂತವನು ತುತ್ತು ಹಿಡಿದೇ ಎಲ್ಲೋ ಹೋದವನಂತೆ ಕೂರುತ್ತಾನೆ, ನೀರಿನ ಟ್ಯಾಂಕಿನ ಏಣಿ ಹತ್ತುವ ಕೆಲಸ ಬೇರೆ; ಡಾಕ್ಟರ ಹತ್ತಿರ ಹೋಗೆಂದರೆ ಕೇಳುವುದಿಲ್ಲ, ನೀವಾದರೂ ಹೇಳಿರಿ ಎಂದು ಬೇಡಿಕೊಂಡಳು. ಇಂದುಮತಿ ರಾಟೆಗೆ ಎಣ್ಣೆ ಬಿಡುತ್ತಿದ್ದವಳು ಕೈ ಒರೆಸಿಕೊಂಡು ಕಾಗದದ ಸುರುಳಿ ಬಿಚ್ಚಿದಳು. ಮೇಲಿನ ಗೆರೆ ಮಾದರಿಯದು, ಕೆಳಗಿನದು ಮುರಿಗೆಪ್ಪನದು. ಬಿಗಿ ಇರುವಲ್ಲಿ ಬಿಗಿ, ಸಡಿಲ ಇರುವಲ್ಲಿ ಸಡಿಲ.

“ನೋಡು ಸುಮಿತ್ರಾ, ಇಷ್ಟು ಚೊಕ್ಕ ಎದಿ ಈ ಊರಾಗ ಇನ್ನೊಂದಿಲ್ಲ,” ಎಂದಳು. “ಪಿತ್ತ ಆಗಿರ್ತೈತಿ. ಶುಂಠಿ ಕಷಾಯ ಮಾಡಿ ಕೊಡು.”

ಸುಮಿತ್ರಾ ಓದಿದವಳಲ್ಲ, ಆದರೆ ಆ ಎರಡು ಗೆರೆಗಳನ್ನು ಬಹಳ ಹೊತ್ತು ನೋಡಿದಳು. ಇಲ್ಲೇಕೆ ಒಂದೊಂದು ಹಲ್ಲು ಬಿದ್ದಂತೆ ಇದೆ ಎಂದು ಬೆರಳಿಟ್ಟು ಕೇಳಿದಳು. ಅದೇ ಬೆಟಗೇರಿ ಸ್ಟಾಪು, ಅದಕ್ಕೇ ಹಾರ ಬೀಳುವುದು ಎಂದು ಇಂದುಮತಿ ನಕ್ಕು ಕಳಿಸಿದಳು. ಮುರಿಗೆಪ್ಪನಿಗೂ ಅದೇ ಮಾತು ಸಾಕಾಯಿತು. ಯಾರು ಆರೋಗ್ಯದ ಮಾತೆತ್ತಿದರೂ, ಅಕ್ಕನ ಮಷಿನ್ನೇ ನನ್ನ ಎದೆಗೆ ಮೊದಲ ನಂಬರು ಕೊಟ್ಟಿದೆ, ಡಾಕ್ಟರಿಗೇನು ಗೊತ್ತು ಎನ್ನತೊಡಗಿದ.

ಹನ್ನೆರಡನೆಯ ಭಾನುವಾರಕ್ಕೆ ಮೂರು ದಿನ ಮೊದಲು ಅವನು ಟ್ಯಾಂಕಿನ ಏಣಿಯಿಂದ ಬಿದ್ದ.

ಒಂಬತ್ತನೆಯ ಮೆಟ್ಟಿಲಿನಲ್ಲಿ ಕೈ ಬಿಟ್ಟನಂತೆ. ಜಾರಲಿಲ್ಲ, ಕೂಗಲಿಲ್ಲ, ಮಾಗಿದ ಹಣ್ಣು ತೊಟ್ಟು ಬಿಟ್ಟ ಹಾಗೆ ಬಿದ್ದ ಎಂದು ನೋಡಿದವರು ಹೇಳಿದರು. ಕೆಳಗೆ ಹೊಸ ಪೈಪು ಹೂಳಲು ತಂದ ಮರಳಿನ ಗುಡ್ಡೆಯಿತ್ತು. ಪ್ರಾಣ ಉಳಿಯಿತು, ತೊಡೆಯ ಎಲುಬು ಮುರಿಯಿತು. ಆಸ್ಪತ್ರೆಯಲ್ಲಿ ಹೃದಯದ ಡಾಕ್ಟರು ಸಬೀನಾ ನದಾಫ ಅವನ ಎದೆಗೆ ತಂತಿ ಹಚ್ಚಿ ನೋಡಿ, ಕಾಲಿನ ಡಾಕ್ಟರನ್ನು ಪಕ್ಕಕ್ಕೆ ಸರಿಸಿ ಕೆಲಸ ತಮ್ಮ ಕೈಗೆ ತೆಗೆದುಕೊಂಡರು. ಎದೆಯ ಬಡಿತ ನಿಮಿಷಕ್ಕೆ ಇಪ್ಪತ್ತೆಂಟಕ್ಕೆ ಇಳಿದಿತ್ತು.

ವಿಜಯಪುರದಲ್ಲಿ ಹಾಸ್ಟೆಲ್ಲಿನಲ್ಲಿದ್ದು ಓದುತ್ತಿದ್ದ ಮಗಳು ವಿನುತಾ ಸಿಕ್ಕ ಬಸ್ಸು ಹತ್ತಿ ಬಂದಳು. ಮರುದಿನ ಡಾಕ್ಟರು ಮನೆಯವರನ್ನು ಕೂರಿಸಿಕೊಂಡು, ಇದು ಬಿದ್ದದ್ದರಿಂದ ಆದದ್ದಲ್ಲ, ಆದದ್ದರಿಂದ ಬಿದ್ದದ್ದು ಎಂದು ಹೇಳಿ, ಮೊದಲೇನಾದರೂ ಸೂಚನೆ ಇತ್ತೇ ಎಂದು ಕೇಳಿದರು. ಸುಮಿತ್ರಾ ಇಂದುಮತಿಯ ಮುಖ ನೋಡಿದಳು. ಆ ನೋಟ ತಡೆಯಲಾಗದೆ ಇಂದುಮತಿ ಚೀಲದಿಂದ ಸುರುಳಿ ತೆಗೆದಳು. ತಮ್ಮನ ಎದೆ ಹನ್ನೊಂದು ವಾರ ಒಳ್ಳೆಯ ಮಾದರಿಯ ಪ್ರಕಾರವೇ ಇತ್ತು, ಬೇಕಾದರೆ ನೋಡಿರಿ ಎಂದು ಕೊಂಚ ಜೋರಾಗಿಯೇ ಹೇಳಿದಳು.

ಡಾಕ್ಟರು ಸುರುಳಿಯನ್ನು ಮೇಜಿನ ಉದ್ದಕ್ಕೂ ಬಿಚ್ಚಿದರು. ಹಲ್ಲು ಬಿದ್ದ ಕಡೆಯೆಲ್ಲ ಪೆನ್ನಿನಿಂದ ಚುಕ್ಕೆ ಇಡುತ್ತ ಹೋದರು.

“ಎದಿಯ ಮ್ಯಾಲಿನ ಕೋಣಿ ಬಡಿ ಅಂತ ಸುದ್ದಿ ಕಳಸ್ತೈತ್ರಿ. ಕೆಳಗಿನ ಕೋಣಿಗೆ ಅದು ಮುಟ್ಟಬೇಕು. ಇವರಿಗೆ ಆ ದಾರಿ ಸವದೈತಿ. ಆರು ಸುದ್ದಿ ಮುಟ್ಟತಾವು, ಏಳನೇದು ದಾರ್ಯಾಗ ಕಳೀತೈತಿ. ಮೊನ್ನೆ ಎಲ್ಲಾ ಸುದ್ದೀನೂ ಕಳದುವು.” ಅವರ ಪೆನ್ನು ಮೇಲಿನ ಗೆರೆಗೆ ಬಂದು ನಿಂತಿತು. “ಕೆಳಗಿಂದು ಮುರಿಗೆಪ್ಪನವರದು. ಮ್ಯಾಲಿಂದು ಯಾರದ್ರಿ?”

“ಅದು ಮಾದರಿ ರೀ.”

“ಮಾದರಿ ಅಂದ್ರೂ ಯಾರದೋ ಒಬ್ಬರ ಎದಿ ಇರಬೇಕಲ್ರಿ.”

ಇಂದುಮತಿ ಬಗ್ಗಿ ನೋಡಿದಳು. ಮೇಲಿನ ಗೆರೆಯಲ್ಲೂ ಅದೇ ಜಾಗಗಳಲ್ಲಿ ಹಲ್ಲು ಬಿದ್ದಿದ್ದವು. ಅದನ್ನು ಅವಳು ಸಾವಿರ ಸಲ ನೋಡಿದ್ದಳು, ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡಷ್ಟು ಹಿಗ್ಗಿನಿಂದ ನೋಡಿದ್ದಳು. ಈಗ ಮೊದಲ ಬಾರಿ ಎಣಿಸಿದಳು. ಆರು, ತಪ್ಪು. ಆರು, ತಪ್ಪು. ಅವಳ ಕಣ್ಣ ಮುಂದೆ ಅಪ್ಪನ ಸೀರೆಯ ದಡಿ ಬಂದು ನಿಂತಿತು, ಏಳಕ್ಕೊಂದು ಮೊಂಡ ಗೋಪುರ. ಅದರ ಹಿಂದೆಯೇ ಮಗ್ಗದ ಕುಣಿಯಲ್ಲಿ ವಾಲಿದ ಅಪ್ಪನ ತಲೆ.

“ನನ್ನದ ರೀ,” ಎಂದಳು.

ಡಾಕ್ಟರು ಎದ್ದು ನಿಂತರು. “ನೀವು ಏಳಬ್ಯಾಡ್ರಿ,” ಎಂದು ಮೆಲ್ಲಗೆ ಹೇಳಿ, “ಅಲ್ಲೇ ಕುಂದರ್ರಿ,” ಎನ್ನುತ್ತ ಬಾಗಿಲ ಕಡೆ ತಿರುಗಿ ನರ್ಸನ್ನು ಕರೆದರು.

ಆಮೇಲಿನ ಮಾತುಗಳು ಇಂದುಮತಿಗೆ ನೀರಿನೊಳಗಿಂದ ಕೇಳಿಸಿದಂತಿದ್ದವು. ಇದು ಕೆಲವು ಮನೆತನಗಳಲ್ಲಿ ಹರಿದು ಬರುತ್ತದೆ. ತಂದೆಯವರದೂ ಇದೇ ಇರಬಹುದು, ಈಗ ಹೇಳಲಾಗದು. ಎದೆಯೊಳಗೆ ಬೆಂಕಿಪೊಟ್ಟಣಕ್ಕಿಂತ ಸಣ್ಣ ಪೇಸ್‌ಮೇಕರ್ ಕೂರಿಸಿದರೆ ಕಳೆದ ಸುದ್ದಿಯನ್ನು ಅದೇ ತಲುಪಿಸುತ್ತದೆ. ಅವಳಿಗೆ ಕೇಳಿದ್ದು ಒಂದೇ. ಕೆಟ್ಟ ಎದೆಯನ್ನು ಒಳ್ಳೆಯ ಎದೆಯೆಂದು ಯಂತ್ರಕ್ಕೆ ಕಲಿಸಿದವಳು ತಾನು. ತಮ್ಮನ ಎದೆ ಕೆಟ್ಟಿತ್ತು ಎಂಬ ಕಾರಣಕ್ಕೇ ಅವನ ದೀಪ ಹತ್ತಿತ್ತು, ಆ ಕಾರಣಕ್ಕೇ ಊರೆಲ್ಲ ಚಪ್ಪಾಳೆ ತಟ್ಟಿತ್ತು. ತಮ್ಮನ ಪಕ್ಕದ ಮಂಚದಲ್ಲಿ ತನ್ನನ್ನೂ ಮಲಗಿಸಿದ ಮೇಲೆ ಅವಳು ಸುಮಿತ್ರಾಳ ಕೈ ಹಿಡಿದು, ಶುಂಠಿ ಕಷಾಯ ಅಂದೆನಲ್ಲೇ ಎಂದು ಅತ್ತಳು. ಸುಮಿತ್ರಾ ಕೈ ಬಿಡಿಸಿಕೊಳ್ಳಲಿಲ್ಲ. ಆದರೆ ಮುಖವನ್ನು ಗಂಡನ ಮಂಚದ ಕಡೆಗೆ ತಿರುಗಿಸಿಕೊಂಡೇ ಕೂತಿದ್ದಳು.

ಒಂದೇ ವಾರದಲ್ಲಿ ಅಕ್ಕತಮ್ಮರಿಬ್ಬರ ಎದೆಯಲ್ಲೂ ಯಂತ್ರ ಕೂತಿತು. ವಿನುತಾಳಿಗೂ ತಂತಿ ಹಚ್ಚಿ ನೋಡಿದರು. ಹತ್ತು ಸೆಕೆಂಡಿನ ಗೆರೆ ಚೊಕ್ಕವಾಗಿ ಬಂತು. ಈಗ ಏನೂ ಕಾಣುವುದಿಲ್ಲ, ಆದರೂ ಪ್ರತಿ ವರ್ಷ ತೋರಿಸಬೇಕು, ತಲೆ ಸುತ್ತಿದರೆ ಅದೇ ದಿನ ಬರಬೇಕು ಎಂದು ಡಾಕ್ಟರು ಹೇಳಿದರು. ಸುಮಿತ್ರಾ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ಮನೆಗೆ ಬಂದ ಮೊದಲ ದಿನವೇ ಮೊಳೆಯಿಂದ ಹನ್ನೊಂದು ಒಣ ಹಾರಗಳನ್ನು ಇಳಿಸಿ ಹಿತ್ತಲಲ್ಲಿ ಸುಟ್ಟಳು. ಮುರಿಗೆಪ್ಪ ಮಂಚದ ಮೇಲಿಂದ ನೋಡಿದ, ಬೇಡ ಎನ್ನಲಿಲ್ಲ.

ಇಂದುಮತಿ ಹಳೆಯ ಮಾದರಿಯನ್ನು ಕಳಚಿ ಕಪಾಟಿಗೆ ಹಾಕಿದಳು. ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಂಡು ಬಂದ ಇಪ್ಪತ್ತು ಜನರನ್ನು ಕೂರಿಸಿ ಹೊಸ ಮಾದರಿ ಮಾಡಿದಳು, ಅದನ್ನು ಡಾಕ್ಟರಿಂದ ಎಣಿಸಿ ನೋಡಿಸಿದಳು. ಆ ಓಣಿಯಲ್ಲಿ ಮಾದರಿಯೊಂದನ್ನು ಹೊರಗಿನವರು ತಪಾಸಣೆ ಮಾಡಿದ್ದು ಅದೇ ಮೊದಲು. ತಬಲಾ ಈಗ ನೇರ ನಡೆಯತೊಡಗಿತು. ಬೆಟಗೇರಿ ಸ್ಟಾಪು ಹೋಯಿತೆಂದು ಜನ ಗೊಣಗಿದರು. ಏನಾಯಿತೆಂದು ಗೊತ್ತಿದ್ದವರೂ ಗೊಣಗಿದರು, ಒಮ್ಮೆಯಾದರೂ ಹಳೆಯದನ್ನು ಕೇಳಿಸಿ ಎಂದು ಒಬ್ಬಿಬ್ಬರು ನಾಚಿಕೆಯಿಲ್ಲದೆ ಕೇಳಿದರು. ಅವಳು ಯಾರಿಗೂ ಕೇಳಿಸಲಿಲ್ಲ.

ನಾಲ್ಕು ತಿಂಗಳ ಮೇಲೆ ಅದನ್ನು ಕೇಳಿದವನು ಮುರಿಗೆಪ್ಪ. ಕೋಲು ಹಿಡಿದು ಶೆಡ್ಡಿಗೆ ಬಂದು, ಹದಿನೇಳನೆಯ ಚೌಕದಲ್ಲಿ ಕಾಲು ಚಾಚಿ ಕೂತು, ಹೊಸ ಮಾದರಿಗೆ ತನ್ನ ದೀಪ ನಿಲ್ಲುವುದಿಲ್ಲವೆಂದು ಗೊಣಗಿದ. ಎದೆಯೊಳಗಿನ ಮಷಿನ್ನು ತನ್ನನ್ನು ಮತ್ತೆ ತಾಳಗೇಡಿ ಮಾಡಿತಂತೆ.

“ಒಂದ ಸಲ ಹಳೇದು ಹಚ್ಚಕ್ಕಾ. ನಾವಿಬ್ಬರ ಕೇಳೂಣು. ಅದು ನಮ್ಮ ಅಪ್ಪಂದೂ ಹೌದಲ್ಲ?”

ಆ ಮಾತಿಗೆ ಇಂದುಮತಿ ಸೋತಳು. ಕಪಾಟಿನಿಂದ ಹಳೆಯ ಮಾದರಿ ತೆಗೆದು ಹಚ್ಚಿದಳು. ಹದಿನೆಂಟನೆಯ ಚೌಕದಲ್ಲಿ ತಮ್ಮನ ಪಕ್ಕ ತಾನೂ ಕೂತಳು. ತಬಲಾ ಹೊರಟಿತು. ಆರು ಹೆಜ್ಜೆ, ಒಂದು ತಡೆ. ಗೋಡೆಯ ಮೇಲೆ ಇಬ್ಬರ ದೀಪವೂ ಕಪ್ಪಗೆ ಉಳಿದವು. ಎದೆಯೊಳಗಿನ ಯಂತ್ರಗಳು ಒಂದು ಬಡಿತವನ್ನೂ ಕಳೆಯಗೊಡದೆ ತಮ್ಮ ಕೆಲಸ ಮಾಡುತ್ತಿದ್ದವು. ಮಾದರಿ ಕೊಟ್ಟವಳೇ ಮಾದರಿಗೆ ಹೊಂದುತ್ತಿರಲಿಲ್ಲ. ಮುರಿಗೆಪ್ಪ ಅಕ್ಕನ ದೀಪವನ್ನೊಮ್ಮೆ, ತನ್ನ ದೀಪವನ್ನೊಮ್ಮೆ ನೋಡಿದ. “ಇಬ್ಬರೂ ಫೇಲು,” ಎಂದ. ಇಂದುಮತಿಗೆ ನಗು ಬಂತು. ಆಸ್ಪತ್ರೆಯ ನಂತರ ಮೊದಲ ಸಲ ಅವಳು ಹೊಟ್ಟೆ ಹಿಡಿದು ನಕ್ಕಳು, ತಮ್ಮನೂ ಕೋಲು ಬಡಿದು ಬಡಿದು ನಕ್ಕ. ಬಾಗಿಲಲ್ಲಿ ಚಹಾ ತಂದ ಸುಮಿತ್ರಾ ಇವರನ್ನು ನೋಡಿ ತಾನೂ ಸೆರಗು ಬಾಯಿಗೆ ಹಿಡಿದಳು.

ಆ ನಗುವಿನಲ್ಲೇ ಮುರಿಗೆಪ್ಪ ತಲೆಯೆತ್ತಿದವನು ಥಟ್ಟನೆ ನಗು ನಿಲ್ಲಿಸಿದ.

“ಅಕ್ಕಾ, ಆ ದೀಪ ಯಾರದು?”

ಮೂವತ್ತೊಂದನೆಯ ದೀಪ ಹತ್ತಿತ್ತು. ಜಮಖಾನದ ಹಿಂದಿನ ಮೂಲೆಯಲ್ಲಿ, ರಜೆಗೆ ಬಂದ ವಿನುತಾ ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಸುಲಿಯುತ್ತ ಕೂತಿದ್ದಳು. ಬಂದು ಅರ್ಧ ತಾಸಾಗಿತ್ತು. ಮಾತಿಲ್ಲದೆ ಕೂತವಳನ್ನು ಯಾರೂ ಗಮನಿಸಿರಲಿಲ್ಲ. ದೀಪ ಆರಿತು. ಇಂದುಮತಿ ಉಸಿರು ಬಿಟ್ಟಳು. ದೀಪ ಮತ್ತೆ ಹತ್ತಿತು, ಈ ಸಲ ಆರಲಿಲ್ಲ.

ತಂತಿ ಸಡಿಲವಾಗಿರಬೇಕು ಎಂಬ ಮಾತು ಇಂದುಮತಿಯ ನಾಲಿಗೆಯ ತುದಿಗೆ ಬಂತು. ಯಂತ್ರ ಎಡವಿದಾಗಲೆಲ್ಲ ಮೂವತ್ತು ವರ್ಷ ಅವಳು ಅದನ್ನೇ ಹೇಳಿದವಳು. ಎದ್ದುಹೋಗಿ ಸುರುಳಿಯ ಮುಂದೆ ನಿಂತು, ಮೂವತ್ತೊಂದನೆಯ ಗೆರೆಯನ್ನು ಬೆರಳಿಟ್ಟು ಎಣಿಸಿದಳು. ಅರ್ಧ ತಾಸಿನ ಕಾಗದದಲ್ಲಿ ಇಪ್ಪತ್ತೈದು ನಿಮಿಷ ಗೆರೆ ಚೊಕ್ಕವಾಗಿತ್ತು. ಆಸ್ಪತ್ರೆಯ ಹತ್ತು ಸೆಕೆಂಡಿಗೆ ಸಿಕ್ಕದ್ದು ಕೊನೆಯ ಐದು ನಿಮಿಷದಲ್ಲಿತ್ತು. ಆರು, ತಪ್ಪು. ಆರು, ತಪ್ಪು.

ಅಷ್ಟರಲ್ಲಿ ವಿನುತಾ ಗೋಡೆಯ ಕಡೆ ನೋಡಿದಳು. ಅಪ್ಪನ ಹನ್ನೊಂದು ಹಾರಗಳ ಕತೆಯನ್ನು ಅವಳು ಹಾಸ್ಟೆಲ್ಲಿಗೆ ಬಂದ ಫೋನಿನಲ್ಲಷ್ಟೇ ಕೇಳಿದ್ದಳು. ಈಗ ಹಚ್ಚಿದ್ದು ಹಳೆಯ ಮಾದರಿಯೆಂಬುದು ಕಾಯಿ ಸುಲಿಯುವ ಗುಂಗಿನಲ್ಲಿ ಅವಳ ಗಮನಕ್ಕೆ ಬಂದಿರಲಿಲ್ಲ. ನಲವತ್ತು ದೀಪಗಳಲ್ಲಿ ಒಂದೇ ಒಂದು ಹತ್ತಿ ನಿಂತದ್ದು ಕಂಡು, ಅವಳ ಮುಖ ಅರಳಿತು.

“ಅತ್ತೀ, ಅದು ನಂದಾ?” ಎಂದು ಕೇಳಿದಳು. “ಹಾಗಾದ್ರ ನನಗ ಹಾರ ಎಲ್ಲೈತಿ?”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಸುಮಿತ್ರಾ ಚಹಾದ ತಟ್ಟೆಯನ್ನು ನೆಲಕ್ಕಿಟ್ಟು ಮಗಳ ಕಡೆಗೆ ನಡೆದಳು. ಇಂದುಮತಿ ಸುರುಳಿಯನ್ನು ಹರಿದು, ಮಡಚಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು. ಯಂತ್ರ ನಿಲ್ಲಿಸುವುದನ್ನು ಮರೆತಳು. ಡಾಕ್ಟರ ಹತ್ತಿರ ಹೋಗೆಂದರೆ ಯಾರ ಮಾತನ್ನೂ ಕೇಳದಿದ್ದ ಮುರಿಗೆಪ್ಪ ಎಲ್ಲರಿಗಿಂತ ಮೊದಲು ಹೊರಡಲು ಎದ್ದು, ಕೋಲನ್ನು ಅಲ್ಲೇ ಬಿಟ್ಟು, ಕುಂಟುತ್ತ ಬಾಗಿಲಿಗೆ ಹೋಗಿ ಮಗಳ ಚಪ್ಪಲಿ ಹುಡುಕತೊಡಗಿದ.

“ಏಳವಾ ವಿನು,” ಎಂದ. “ಕಾಯಿ ಆಮ್ಯಾಲೆ ಸುಲದ್ರಾತು.”